ಕಲ್ಲೇಶನ ಮನೆ ಯಾರ ಕೈಗೆ

ಸರ್ವಮಂಗಳಮ್ಮನಿಗೆ ಸಾಯುವುದಕ್ಕೂ ಪುರುಸೊತ್ತಿರಲಿಲ್ಲ. ತುಮಕೂರಿನ ಹೃದಯದ ಡಾಕ್ಟರು ರಿಪೋರ್ಟು ನೋಡಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಅಮ್ಮಾ, ಇನ್ನು ಮೇಲೆ ಭಾರ ಎತ್ತಬೇಡಿ, ಮೆಟ್ಟಿಲು ಹತ್ತಬೇಡಿ, ಯೋಚನೆ ಅಂತೂ ಮಾಡಲೇಬೇಡಿ" ಎಂದು ಹೇಳಿ ಕಳಿಸಿದ್ದರು. ಯೋಚನೆ ಮಾಡಬಾರದಂತೆ! ಪುಣ್ಯಾತ್ಮ, ಅವರ ಮನೆಯಲ್ಲಿ ಕಲ್ಲೇಶ ಇಲ್ಲ, ಹೇಳಿಬಿಟ್ಟರು. ತುರುವೇಕೆರೆಗೆ ವಾಪಸು ಬರುವ ಬಸ್ಸಿನಲ್ಲಿ ಕಿಟಕಿಯ ಸರಳಿಗೆ ತಲೆ ಆನಿಸಿಕೊಂಡು ಆಕೆ ದಾರಿಯುದ್ದಕ್ಕೂ ಮಾಡಿದ್ದು ಅದೊಂದೇ ಕೆಲಸ.

ಕಲ್ಲೇಶ ಆಕೆಯ ತಮ್ಮ. ಗಡ್ಡ ನೆರೆತಿದೆ, ಬುದ್ಧಿ ಮಾತ್ರ ಅಂಗನವಾಡಿ ಬಿಟ್ಟು ಮುಂದೆ ಹೋಗಿಲ್ಲ. ಬೆಳಿಗ್ಗೆ ಒಂದು, ಸಂಜೆ ಒಂದು ಫಿಟ್ಸಿನ ಮಾತ್ರೆ ನುಂಗಬೇಕು. ತಪ್ಪಿದರೆ ಎಲ್ಲೆಂದರಲ್ಲಿ ಬಿದ್ದು ಒದ್ದಾಡುತ್ತಾನೆ. ಹಾಗಂತ ಅವನಿಗೆ ಬದುಕಿಲ್ಲ ಅಂದುಕೊಳ್ಳಬೇಡಿ. ಬೆಳಿಗ್ಗೆ ಮುಖ ತೊಳೆದು, ಹಣೆ ತುಂಬ ವಿಭೂತಿ ಹಚ್ಚಿಕೊಂಡು, ರೊಟ್ಟಿ ತಿಂದು, ಬೀದಿಯ ತುದಿಯಲ್ಲಿರುವ ಅಜ್ಮತನ ಟೈಲರ್ ಅಂಗಡಿಗೆ ಡ್ಯೂಟಿಗೆ ಹೋಗುವವನ ಹಾಗೆ ಹೋಗುತ್ತಾನೆ. ಅಲ್ಲಿ ಡಬ್ಬಿಯಲ್ಲಿರುವ ಗುಂಡಿಗಳನ್ನು ಸುರಿಯುವುದು, ಮತ್ತೆ ತುಂಬುವುದು. ಹಸಿವಾದರೆ ಮನೆಗೆ. ಈ ಮನೆ, ಆ ಅಂಗಡಿ, ನಡುವಿನ ರಸ್ತೆ, ಇಷ್ಟರಲ್ಲಿ ಅವನು ರಾಜ. ಒಮ್ಮೆ ದಬ್ಬೇಘಟ್ಟಕ್ಕೆ ಮದುವೆಗೆ ಕರೆದುಕೊಂಡು ಹೋದಾಗ ಛತ್ರದ ಬಾಗಿಲಿಂದ ಆಚೆ ಕಾಲಿಟ್ಟವನು ಸಿಕ್ಕಿದ್ದು ಮಾರನೆಯ ದಿನ, ಯಾರದೋ ತೋಟದ ಪಂಪುಮನೆಯಲ್ಲಿ, ಪಂಚೆಯೆಲ್ಲ ಒದ್ದೆ ಮಾಡಿಕೊಂಡು, ಅಕ್ಕಾ ಅಕ್ಕಾ ಎಂದು ಅಳುತ್ತ. ಅಂದಿನಿಂದ ಅವನನ್ನು ಬೇರೆ ಊರಿಗೆ ಕರೆದುಕೊಂಡು ಹೋಗುವ ಮಾತಿಲ್ಲ.

ಸರ್ವಮಂಗಳಮ್ಮ ಆಸ್ಪತ್ರೆಯಲ್ಲಿ ನರ್ಸಾಗಿದ್ದು ರಿಟೈರಾದವರು. ಊರಿಗೆಲ್ಲ ನರ್ಸಮ್ಮ. ಮದುವೆಯಾಗಲಿಲ್ಲ. ಆಕೆಯನ್ನು ನೋಡಲು ಬಂದ ಗಂಡುಗಳೆಲ್ಲ ಕಲ್ಲೇಶನನ್ನು ನೋಡಿಕೊಂಡು ಹೊರಟುಹೋದರು. ಆ ಬೇಜಾರೆಲ್ಲ ಎಂದೋ ಹಳತಾಗಿ ಹೋಗಿದೆ. ಈಗ ಉಳಿದಿರುವುದು ಸುಸ್ತು. ಏಳುವುದು ಸುಸ್ತು, ಅವನಿಗೆ ಸ್ನಾನ ಮಾಡಿಸುವುದು ಸುಸ್ತು, "ನಾನು ಹೋದ ಮೇಲೆ ಇವನಿಗೆ ಯಾರು" ಎಂದು ದಿನಕ್ಕೆ ನೂರು ಸಲ ಕೇಳಿಕೊಳ್ಳುವುದು ಎಲ್ಲಕ್ಕಿಂತ ದೊಡ್ಡ ಸುಸ್ತು.

ಆದ್ದರಿಂದ ಉಯಿಲು ಬರೆಸಬೇಕು. ಮನೆ ಕಲ್ಲೇಶನ ಹೆಸರಿಗೆ ಬರೆದರೆ ಅವನು ಐಸ್‌ಕ್ಯಾಂಡಿಗೆ ಬೇಕಾದರೂ ಹೆಬ್ಬೆಟ್ಟು ಒತ್ತಿಬಿಡುತ್ತಾನೆ. ಅದಕ್ಕೇ ಮನೆಯನ್ನು ಟ್ರಸ್ಟಿಗೆ ಬಿಡಬೇಕು, ಟ್ರಸ್ಟಿಗಳು ನೋಡಿಕೊಳ್ಳಬೇಕು, ಅವನು ಬದುಕಿರುವವರೆಗೆ ಇದೇ ಮನೆಯಲ್ಲಿ ಇರಬೇಕು ಎಂದು ಯಾರೋ ಹೇಳಿದ್ದರು. ಟ್ರಸ್ಟಿ ಯಾರು ಎಂಬುದರಲ್ಲಿ ಆಕೆಗೆ ಅನುಮಾನವೇನೂ ಇರಲಿಲ್ಲ. ಯಾರನ್ನು ಕೇಳಿದರೂ ಒಂದೇ ಮಾತು: ಮನೆ ಯಾರಿಗೆ ಹೋಗುತ್ತದೋ ಅವರೇ ನೋಡಿಕೊಳ್ಳಲಿ. ಈ ಸೀಮೆಯಲ್ಲಿ ಹಾಗೇ ನಡೆದುಕೊಂಡು ಬಂದಿದೆ. ಮಣ್ಣು ಮಾಡುವವನು ಮನೆ ತೆಗೆದುಕೊಳ್ಳುತ್ತಾನೆ, ಮನೆ ತೆಗೆದುಕೊಳ್ಳುವವನು ಅನ್ನ ಹಾಕುತ್ತಾನೆ. ಹಾಗೆ ನೋಡಿದರೆ ಚಿಕ್ಕಪ್ಪನ ಮಗ ತೋಂಟದಾರ್ಯ, ಅವನ ಮಗ ಉಜ್ವಲ್, ಇಬ್ಬರೇ.

ತೋಂಟದಾರ್ಯ ದಬ್ಬೇಘಟ್ಟದಲ್ಲಿ ತೆಂಗಿನ ತೋಟ ಇಟ್ಟುಕೊಂಡಿರುವ ಗಟ್ಟಿ ಆಸಾಮಿ. ಹಳೆ ಮನೆ ಕೆಡವಿ ಮೋಲ್ಡಿಂಗ್ ಹಾಕಿಸಿ ಟೈಲ್ಸ್ ಮನೆ ಕಟ್ಟಿಸಿದ್ದ. ಕಟ್ಟಿಸಿದ ಮೇಲೆ ನೆನಪಾಯಿತು, ಮೋಲ್ಡಿಂಗ್ ಮನೆಗೆ ಅಟ್ಟ ಇರುವುದಿಲ್ಲ. ಅಟ್ಟ ಇಲ್ಲದೆ ಕೊಬ್ಬರಿ ಎಲ್ಲಿಂದ ಬರಬೇಕು? ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿ, ಕೆಳಗಿನ ಒಲೆಯ ಬಿಸಿಗೆ ವರ್ಷದ ಹತ್ತಿರ ಬಿಟ್ಟರೆ ಒಳಗಿನ ನೀರು ಇಂಗಿ ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಅನ್ನುತ್ತದೆ. ಆಗ ಇಳಿಸಬೇಕು, ಸುಲಿಸಬೇಕು, ತಿಪಟೂರಿನ ಮಾರ್ಕೆಟ್ಟಿಗೆ ಹಾಕಬೇಕು. ಹಾಗಾಗಿ ಅವನ ಕಾಯಿಗಳೆಲ್ಲ ಸರ್ವಮಂಗಳಮ್ಮನ ಅಟ್ಟ ಸೇರಿದವು. ಬಾಡಿಗೆ ಗೀಡಿಗೆ ಏನಿಲ್ಲ. ಅಕ್ಕನ ಅಟ್ಟ, ತಮ್ಮನ ಕಾಯಿ.

ವಿಷಯ ಹೇಳಿದ ದಿನ ತೋಂಟದಾರ್ಯನ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು.

"ಯಾಕಕ್ಕ ಸಾಯೋ ಮಾತಾಡ್ತೀಯ? ನೂರ್ ವರ್ಸ ಇರ್ತೀಯ ಬುಡು. ಕಲ್ಲೇಶನ ಚಿಂತೆ ನಿಂಗ್ಯಾಕೆ? ದಬ್ಬೇಘಟ್ಟಕ್ಕೆ ಕರ್ಕೊಂಡೋಗಿ ರಾಜನಂಗೆ ಇಟ್ಕೋತೀವಿ. ಫ್ಯಾನು, ಟಿವಿ ಎಲ್ಲಾ ಐತೆ. ಈ ಮನೆ ಕಾಯಿ ಹಾಕ್ಕೊಳಕ್ಕೆ ಆಯ್ತದೆ."

"ಅವ್ನು ಇಲ್ಲೇ ಇರ್ಬೇಕು ಕಣೋ. ಇಲ್ಲಿ ಬಿಟ್ರೆ ಅವ್ನಿಗೆ ದಿಕ್ಕೇ ತಿಳಿಯಲ್ಲ."

"ಆಯ್ತು ಕಣಕ್ಕ, ಇಲ್ಲೇ ಇರ್ಲಿ. ಈಗ್ಲೇ ಯಾಕೆ ಅದೆಲ್ಲ?"

ಎರಡು ದಿನ ಬಿಟ್ಟು ಬಡಗಿಯನ್ನು ಕರೆದುಕೊಂಡು ಬಂದ. ಅಟ್ಟದ ಹಲಗೆ ಗಟ್ಟಿ ಮಾಡಿಸಬೇಕಂತೆ, ಕಲ್ಲೇಶ ಮಲಗುವ ಕೋಣೆಯ ಗೋಡೆ ತೆಗೆದರೆ ಇನ್ನಷ್ಟು ಕಾಯಿ ಹಿಡಿಸುತ್ತದಂತೆ. ಬಡಗಿ ಟೇಪು ಹಿಡಿದು ಕೋಣೆ ಅಳೆಯುತ್ತಿದ್ದರೆ ಕಲ್ಲೇಶ ಹಾಸಿಗೆ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದ. ಸರ್ವಮಂಗಳಮ್ಮನಿಗೆ ಏನೋ ಚುರುಕ್ ಅಂತು. ಆದರೆ ಬೈಯುವುದಕ್ಕೂ ಮೈಯಲ್ಲಿ ತ್ರಾಣ ಬೇಕಲ್ಲ. "ಆಮೇಲೆ ನೋಡೋಣ ಬಿಡ್ರಪ್ಪ" ಎಂದು ಕಾಫಿ ಕೊಟ್ಟು ಕಳಿಸಿದರು.

ಲಾಯರು ಮೆಹರೀನ್, ಮೆಕ್ಯಾನಿಕ್ ಅಬ್ದುಲ್ ರಹೀಮರ ಮಗಳು, ಸರ್ವಮಂಗಳಮ್ಮನ ಕೈಯಲ್ಲೇ ಹುಟ್ಟಿದ ಕೂಸು. ಈಗ ಕಪ್ಪು ಕೋಟು ಹಾಕಿಕೊಂಡು ಕೋರ್ಟಿನ ಎದುರು ಸಣ್ಣದೊಂದು ಆಫೀಸು ಇಟ್ಟಿದ್ದಾಳೆ. ಎಲ್ಲ ಕೇಳಿಸಿಕೊಂಡು ಪೆನ್ನಿನ ಮುಚ್ಚಳ ಹಾಕಿಬಿಟ್ಟಳು.

"ಆಂಟಿ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬಾರ್ದು. ಕಲ್ಲೇಶಣ್ಣ ಇರೋವರೆಗೂ ಮನೆ ಅವರಿಗೆ. ಆಮೇಲೆ ಉಜ್ವಲ್‌ಗೆ. ಅಲ್ಲೀವರೆಗೆ ನೋಡ್ಕೊಳ್ಳೋರು ಉಜ್ವಲ್ ಮತ್ತೆ ಅವರಪ್ಪ. ಹೌದಾ?"

"ಹೂಂ ಕಣಮ್ಮ. ಮನೆ ತಗೊಳ್ಳೋನು ನೋಡ್ಕೊಳ್ದೆ ಇನ್ಯಾರು ನೋಡ್ಕೋತಾರೆ?"

"ಕಲ್ಲೇಶಣ್ಣ ಬೇಗ ಹೋದ್ರೆ ಯಾರಿಗೆ ಬೇಗ ಮನೆ ಸಿಗೋದು?"

ಮೇಲೆ ಫ್ಯಾನು ಕಿರ್ ಕಿರ್ ಎನ್ನುತ್ತಿತ್ತು.

"ನಮ್ಮ ತೋಂಟದಾರ್ಯ ಅಂಥೋನಲ್ಲ" ಎಂದರು ಸರ್ವಮಂಗಳಮ್ಮ, ಸ್ವಲ್ಪ ಜೋರಾಗಿಯೇ.

"ಅಂಥೋರು ಅಂತ ನಾನೂ ಹೇಳ್ತಿಲ್ಲ. ಆದ್ರೆ ಕಲ್ಲೇಶಣ್ಣನ ಮಾತ್ರೆ ಅವರ ಕೈಯಲ್ಲಿರುತ್ತೆ. ಒಂದಿನ ಮರೀಬಹುದು. ಮರೆತಿದ್ದಕ್ಕೆ ನಷ್ಟ ಆಗೋದಾದ್ರೆ ಮನುಷ್ಯ ನೆನಪಿಟ್ಕೋತಾನೆ. ಲಾಭ ಆಗೋದಾದ್ರೆ? ದಿನಾ ಕೋರ್ಟಲ್ಲಿ ನೋಡ್ತೀನಲ್ಲ ಆಂಟಿ. ಕೆಟ್ಟೋರು ಕಮ್ಮಿ, ಮರೆಯೋರೇ ಜಾಸ್ತಿ."

"ಮತ್ತೆ ಯಾರನ್ನ ಹಾಕ್ಲಿ?"

"ಇಬ್ಬರು ಬೇಕು. ಕಲ್ಲೇಶಣ್ಣನಿಗಿಂತ ಚಿಕ್ಕವರಾಗಿರ್ಬೇಕು, ಇಲ್ಲಾಂದ್ರೆ ಅವರೇ ಮೊದಲು ಹೋಗ್ತಾರೆ. ಮನೆಯಿಂದ ಅವರಿಗೆ ಒಂದು ಚಿಪ್ಪೂ ಸಿಗಬಾರ್ದು. ಕೊನೆಗೆ ಮನೆ ಬೇಕಾದ್ರೆ ಕಲ್ಲೇಶಣ್ಣನಂಥ ಮಕ್ಕಳನ್ನ ನೋಡ್ಕೊಳ್ಳೋ ಯಾವುದಾದ್ರೂ ಶಾಲೆಗೆ ಹೋಗ್ಲಿ."

"ಏನೂ ಸಿಗದೇ ಇದ್ರೆ ಯಾರಮ್ಮ ಬರ್ತಾರೆ?"

"ಅದನ್ನ ನೀವೇ ಹುಡುಕ್ಬೇಕು ಆಂಟಿ. ಸಿಕ್ಕಿದ ದಿನ ಫೋನ್ ಮಾಡಿ" ಎಂದಳು ಮೆಹರೀನ್. ಕಾನೂನಿನ ಪುಸ್ತಕದಲ್ಲಿ ಅದಕ್ಕೆ ಉತ್ತರ ಇಲ್ಲವೋ ಏನೋ.

ಹೊರಗೆ ಬಂದು ಸರ್ವಮಂಗಳಮ್ಮ ಕೋರ್ಟಿನ ಕಾಂಪೌಂಡಿನ ಕಲ್ಲಿನ ಮೇಲೆ ಕೂತುಬಿಟ್ಟರು. ತಾನು ನಂಬಿದವರನ್ನೆಲ್ಲ ಒಬ್ಬೊಬ್ಬರಾಗಿ ನೆನೆಸಿಕೊಂಡರು. ನಂಬುವಂಥವರೆಲ್ಲ ತನ್ನ ವಯಸ್ಸಿನವರೇ. ರಂಗಮ್ಮನಿಗೆ ಮಂಡಿ ಇಲ್ಲ, ದುರ್ಗಯ್ಯನಿಗೆ ಕಣ್ಣಿಲ್ಲ. ಒಂದು ಜೀವಮಾನ ಪೂರ್ತಿ ನಂಬಿಕೆ ಕೂಡಿಸಿಟ್ಟಿದ್ದು ಮುದುಕರ ಹತ್ತಿರ! ತನ್ನ ಮೇಲೆ ತನಗೇ ಸಿಟ್ಟು ಬಂತು.

ಅಂದೇ ಅಜ್ಮತನ ಅಂಗಡಿಗೆ ಹೋದರು. ಕಲ್ಲೇಶನಿಗಿಂತ ಹತ್ತಾರು ವರ್ಷ ಚಿಕ್ಕವನು, ಬೆಳಿಗ್ಗೆಯಿಂದ ಅವನನ್ನು ಪಕ್ಕದಲ್ಲೇ ಕೂರಿಸಿಕೊಂಡು ಒಂದು ದಿನವೂ ಗದರದ ಮನುಷ್ಯ. ಕೇಳಿದ ಕೂಡಲೇ ಮೆಷಿನ್ನಿನ ಚಕ್ರದ ಮೇಲೆ ಕೈಯಿಟ್ಟು ನಿಲ್ಲಿಸಿದ.

"ನರ್ಸಕ್ಕಾ, ಊಟ ಹಾಕು ಅನ್ನಿ, ಹಾಕ್ತೀನಿ. ನನ್ನ ಮಗಳು ಅಮ್ನಾ ಕೈಲಿ ದಿನಾ ಬುತ್ತಿ ಕಳಿಸ್ತೀನಿ. ಮಾತ್ರೆ ಕೊಡು ಅನ್ನಿ, ಕೊಡ್ತೀನಿ. ಕಾಗದದ ಮೇಲೆ ಮಾತ್ರ ನನ್ನ ಹೆಸರು ಬ್ಯಾಡ."

"ಯಾಕೋ?"

"ನಾಳೆ ನಿಮ್ಮೋರೇ ಯಾರಾದ್ರೂ ಸಾಬಿ ಮನೆ ಹೊಡ್ಕೊಂಡ ಅಂತ ಒಂದು ಮಾತು ಎಬ್ಬಿಸಿದ್ರೆ ಸಾಕು. ಮೊಬೈಲಲ್ಲಿ ಊರೆಲ್ಲ ಸುತ್ತುತ್ತೆ. ನಾನು ಅಂಗಡಿ ಬಾಗ್ಲು ಹಾಕ್ಕೊಂಡು ಎಲ್ಲಿಗೆ ಹೋಗ್ಲಿ?"

ಸರ್ವಮಂಗಳಮ್ಮನಿಗೆ ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ಆಗಲಿಲ್ಲ. ಅವನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಕಲ್ಲೇಶ ಕೆಂಪು ಗುಂಡಿಯೊಂದನ್ನು ಅಕ್ಕನ ಅಂಗೈಯಲ್ಲಿಟ್ಟು ಚಪ್ಪಾಳೆ ತಟ್ಟಿದ. ಆಕೆ ಅದನ್ನು ಡಬ್ಬಿಗೆ ಹಾಕಿ ಎದ್ದರು.

ಇನ್ನುಳಿದದ್ದು ತೋಂಟದಾರ್ಯನಿಗೆ ಹೇಳುವ ಕೆಲಸ. ಎಂಥವರಿಗೂ ಬೇಡ ಆ ಕೆಲಸ. ಆಕೆ ಅದನ್ನು ಹೇಳಿದ ರೀತಿಯಾದರೂ ಸರಿಯಾಗಿತ್ತೇ ಅಂದರೆ ಅದೂ ಇಲ್ಲ. ಮೆಹರೀನ್ ನಯವಾಗಿ ಬಿಡಿಸಿ ಹೇಳಿದ್ದನ್ನು ಇವರು ದಣಿದ ನಾಲಿಗೆಯಲ್ಲಿ ಒಂದೇ ಉಸಿರಿಗೆ ಒದರಿಬಿಟ್ಟರು: "ಮನೆ ಬರೋರು ಟ್ರಸ್ಟಿ ಆಗಂಗಿಲ್ಲವಂತೆ ಕಣೋ. ಮಾತ್ರೆ ತಪ್ಪಿಸಿಬಿಟ್ರೆ ಅಂತ."

ತೋಂಟದಾರ್ಯ ಜಗುಲಿಯಿಂದ ಎದ್ದು ನಿಂತ. ಮುಖ ಕೆಂಪಾಗಿತ್ತು.

"ನಾನು ಕಲ್ಲೇಶನ್ನ ಸಾಯಿಸ್ತೀನಾ? ಹೇಳಕ್ಕ! ಅವ್ನನ್ನ ಹೆಗಲ ಮೇಲೆ ಹೊತ್ಕೊಂಡು ಸಂತೆ ತೋರ್ಸಿದೋನು ನಾನು. ಮನೆ ಬರೋದು ನನ್ ಮಗನಿಗೆ, ಕೊಲೆಗಾರ ನಾನು! ಆ ಲಾಯರ್ ಹುಡ್ಗಿ ಮಾತು ಕೇಳ್ಕೊಂಡು ಒಡಹುಟ್ಟಿದೋನಂಗೆ ಇದ್ದೋನಿಗೆ ಈ ಮಾತಾ?"

"ನೀನು ಅಂತ ಅಲ್ಲ ಕಣೋ..."

"ಬುಡಕ್ಕ, ಬುಡು. ನಾಳೆನೇ ನನ್ ಕಾಯಿ ಇಳಿಸ್ಕೊಂಡು ಹೋಯ್ತೀನಿ. ನಂಬ್ಕೆ ಇಲ್ದಿರೋ ಮನೇಲಿ ನನ್ ಒಂದು ಕಾಯಿನೂ ಬ್ಯಾಡ."

ಅಟ್ಟದ ಕಾಯಿ ಇನ್ನೂ ಅರ್ಧ ವರ್ಷವೂ ಕಂಡಿರಲಿಲ್ಲ. ಈಗ ಇಳಿಸಿದರೆ ಅದು ಅತ್ತ ಹಸಿಗಾಯಿಯೂ ಅಲ್ಲ, ಇತ್ತ ಕೊಬ್ಬರಿಯೂ ಅಲ್ಲ, ಕೊಳ್ಳುವವರು ಮೂಸಿಯೂ ನೋಡುವುದಿಲ್ಲ. ತೆಂಗು ಬೆಳೆಯುವ ಯಾವನೂ ಬುದ್ಧಿ ಸ್ಥಿಮಿತದಲ್ಲಿದ್ದಾಗ ಆ ಕೆಲಸ ಮಾಡುವುದಿಲ್ಲ. ಅಣ್ಣತಮ್ಮಂದಿರು ಭಾಗವಾಗಿ ಮುಖ ನೋಡದ ಹಾಗೆ ಆದಾಗ ಮಾತ್ರ ಕಾಲಕ್ಕೆ ಮೊದಲೇ ಅಟ್ಟ ಖಾಲಿ ಮಾಡುತ್ತಾರೆ. ಅದು ನಷ್ಟ ಎಂದು ಗೊತ್ತಿದ್ದೇ ಮಾಡುತ್ತಾರೆ. ಬೀದಿಯವರಿಗೆಲ್ಲ ತಿಳಿಯಲಿ ಎಂದೇ ಮಾಡುತ್ತಾರೆ.

ಮಾರನೆಯ ದಿನ ಮಧ್ಯಾಹ್ನ ಟ್ರ್ಯಾಕ್ಟರು ಬಂದೇ ಬಂತು. ಭೀಮರಾಜು ಎಂಬ ಮೇಸ್ತ್ರಿ ಆಳುಗಳೊಂದಿಗೆ ಅಟ್ಟ ಹತ್ತಿದ. ತೋಂಟದಾರ್ಯ ಒಳಗೆ ಕಾಲಿಡದೆ ಬೀದಿಯಲ್ಲೇ ನಿಂತು ಕೂಗಾಡುತ್ತಿದ್ದ. ಹಿಂದೆಯೇ ಸ್ಕೂಟರಿನಲ್ಲಿ ಮಗ ಉಜ್ವಲ್, ಸೊಸೆ ಲಿಖಿತಾ ಬಂದರು. ಉಜ್ವಲ್ ಅತ್ತೆ ಸರ್ವಮಂಗಳಮ್ಮನ ಮುಖ ನೋಡಲಾಗದೆ ಟ್ರ್ಯಾಕ್ಟರಿನ ಟೈರು ನೋಡುತ್ತ ನಿಂತ. ಮೇಲಿಂದ ಕಾಯಿಗಳು ಧಡಧಡ ಬೀಳತೊಡಗಿದವು. ಒಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ ಭೀಮರಾಜು, "ನೀರು ತುಂಬೈತೆ ಯಜಮಾನ್ರೇ, ಅನ್ಯಾಯ ಕಣ್ರೀ" ಎಂದ. "ನಿಂಗ್ಯಾಕ್ಲಾ ಅದು? ಎಸಿ ಕೆಳಕ್ಕೆ!" ಎಂದು ತೋಂಟದಾರ್ಯ ಗುಡುಗಿದ.

ನೆರೆಹೊರೆಯವರು ಬಾಗಿಲಿಗೆ ಬಂದರು. ಕಲ್ಲೇಶ ಬರಲಿಲ್ಲವಲ್ಲ ಎಂದು ಅಜ್ಮತನೂ ಕೊರಳಲ್ಲಿ ಟೇಪು ಹಾಕಿಕೊಂಡೇ ಬಂದು ಎದುರು ಕಟ್ಟೆಯ ಹತ್ತಿರ ನಿಂತ. ಒಳಗೆ ಕಲ್ಲೇಶ ಮೂಲೆಯಲ್ಲಿ ಕಿವಿ ಮುಚ್ಚಿಕೊಂಡು ಕುಕ್ಕರುಗಾಲಲ್ಲಿ ಕೂತಿದ್ದ. ಸರ್ವಮಂಗಳಮ್ಮ ಏನು ಮಾಡಿದರು ಗೊತ್ತೆ? ಆಳುಗಳಿಗೆ ಕಾಫಿ ಕಾಸಿದರು. ತನ್ನ ಮಾನ ಬೀದಿಗೆ ಬೀಳುತ್ತಿದ್ದರೂ ಬಂದವರಿಗೆ ಕಾಫಿ ಕೊಡುವ ಕೈ! ಕೊಟ್ಟು ಮುಗಿಸಿ ಪಡಸಾಲೆಯ ಕಂಬಕ್ಕೆ ಒರಗಿ ಕೂತರು. ಎದೆ ಭಾರವಾಗಿತ್ತು. ಯಾರಾದರೂ ಬಂದು ಈ ಮನೆ, ಈ ತಮ್ಮ, ಈ ಅಟ್ಟ ಎಲ್ಲವನ್ನೂ ಎತ್ತಿಕೊಂಡು ಹೋಗಿಬಿಡಲಿ, ತಾನು ಇಲ್ಲೇ ಮಲಗಿಬಿಡುತ್ತೇನೆ ಅನ್ನಿಸಿತು. ಹೊತ್ತು ಇಳಿದದ್ದೂ ತಿಳಿಯಲಿಲ್ಲ.

ಲಿಖಿತಾ ಬಂದು ಪಕ್ಕದಲ್ಲಿ ನಿಂತಳು. "ಮಾತ್ರೆ ಕೊಟ್ಟೆ ಅತ್ತೆ."

"ಯಾವ ಮಾತ್ರೆ?"

"ಕಲ್ಲೇಶ್ ಮಾವನಿಗೆ. ಸಂಜೆದು. ಹೊತ್ತು ಮೀರಿತ್ತು."

ಸರ್ವಮಂಗಳಮ್ಮ ಗಡಿಯಾರ ನೋಡಿದರು. ಮರೆತಿದ್ದು ತಾನು. ಇಷ್ಟು ವರ್ಷ ಮರೆಯದವಳು ಇವತ್ತು ಮರೆತಿದ್ದಳು. ತನಗೆ ತುಮಕೂರಿನಲ್ಲಿ ಪರೀಕ್ಷೆಗಳಾಗುತ್ತಿದ್ದಾಗ ಕಲ್ಲೇಶನ ಜೊತೆ ಈ ಮನೆಯಲ್ಲಿ ಇದ್ದವಳು ಈ ಹುಡುಗಿಯೇ, ಆಗ ಕಲಿತದ್ದು. ಆಕೆ ಅವಳ ಕೈ ಹಿಡಿದುಕೊಂಡರು. ಹಿಂದುಮುಂದು ಯೋಚಿಸಲಿಲ್ಲ. ಯೋಚಿಸಿ ಯೋಚಿಸಿ ಸಾಕಾಗಿತ್ತು.

"ಲಿಖಿತಾ, ನೀನು ಆಗ್ತೀಯೇನಮ್ಮ ಟ್ರಸ್ಟಿ?"

ಮಾತು ಬೀದಿಗೆ ಕೇಳಿಸಿತು. ತೋಂಟದಾರ್ಯ, "ಹಾಂ, ನನ್ ಮೇಲೆ ಇಲ್ದಿರೋ ನಂಬ್ಕೆ ನನ್ ಸೊಸೆ ಮೇಲೆ!" ಎಂದ.

ಲಿಖಿತಾ ಸೆರಗಿನ ಚುಂಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಮನೆ ಉಜ್ವಲ್‌ಗೆ ಬರೋ ಹಾಗಿದ್ರೆ ನನ್ನ ಕೈಲಿ ಆಗಲ್ಲ ಅತ್ತೆ."

"ನಿಂಗೂ ಆ ಲಾಯರಮ್ಮ ಪಾಠ ಮಾಡವ್ಳಾ?" ಎಂದು ತೋಂಟದಾರ್ಯ ಹೊಸ್ತಿಲವರೆಗೆ ಬಂದ.

"ಯಾರೂ ಮಾಡಿಲ್ಲ ಮಾವ. ಅತ್ತೆ ಆಸ್ಪತ್ರೆಲಿದ್ದಾಗ ಇಲ್ಲಿದ್ನಲ್ಲ, ಒಂದು ಸಂಜೆ ಮಾತ್ರೆ ಕೊಡೋಕೆ ಕೂತಿದ್ದೆ. ಕಲ್ಲೇಶ್ ಮಾವ ಹೋದ್ಮೇಲೆ ಈ ಮನೆ ನಮಗೇ ತಾನೆ, ಗೋಡೆಗೆ ಯಾವ ಬಣ್ಣ ಹೊಡಿಸೋಣ ಅಂತ ಯೋಚನೆ ಬಂತು. ಇವರು ಇನ್ನೆಷ್ಟು ವರ್ಷ ಇರಬಹುದು ಅಂತ ಲೆಕ್ಕ ಹಾಕ್ದೆ. ಕಲ್ಲೇಶ್ ಮಾವ ಬಾಯಿ ತೆಗೆದ್ಕೊಂಡು ಕೂತಿದ್ರು. ಮಾತ್ರೆ ನನ್ನ ಕೈಯಲ್ಲೇ ಇತ್ತು. ಕೊಟ್ಟೆ. ಆದ್ರೆ ಅಷ್ಟು ಹೊತ್ತು ಅದು ಕೈಯಲ್ಲೇ ಇತ್ತು ಅತ್ತೆ. ದಿನಾ ನನ್ನನ್ನ ಹಾಗೆ ಕೂರಿಸಬೇಡಿ. ಮನೆ ನಮಗೆ ಬೇಡ ಅಂತ ಬರೆಸಿ. ಆಗ ನೋಡ್ಕೋತೀನಿ."

ಅಟ್ಟದ ಮೇಲಿನ ಸದ್ದು ನಿಂತಿತ್ತು. ಭೀಮರಾಜು ಕೈಯಲ್ಲಿ ಕಾಯಿ ಹಿಡಿದೇ ಬಗ್ಗಿ ನೋಡುತ್ತಿದ್ದ. ತೋಂಟದಾರ್ಯ ಮಗನ ಕಡೆ ತಿರುಗಿದ. "ಏನ್ಲಾ ಇದು? ಹೆಂಡ್ತಿ ಬಾಯಿಗೆ ಬಂದಂಗೆ ಮಾತಾಡ್ತಾ ಅವ್ಳೆ, ನೀನು ಗೊಂಬೆ ನಿಂತಂಗೆ ನಿಂತಿದ್ದೀಯ!"

ಉಜ್ವಲ್ ಟೈರಿನಿಂದ ಕಣ್ಣು ತೆಗೆದ.

"ಆವತ್ತು ಫೋನ್ ಮಾಡಿ ನನ್ನೂ ಕೇಳಿದ್ಲು ಅಪ್ಪ, ಬಣ್ಣ ಯಾವ್ದು ಅಂತ. ತಿಳಿ ಹಸಿರು ಅಂದೆ ನಾನು."

ಬಡಗಿಯನ್ನು ಕರೆತಂದು ಕೋಣೆ ಅಳೆಸಿದ ಮನುಷ್ಯ ತೋಂಟದಾರ್ಯ. ಅವನಿಗೂ ಏನೋ ತಾಕಿರಬೇಕು. ಇಳಿಸಿದ ಕಾಯಿಯ ರಾಶಿಯ ಮೇಲೇ ಕುಸಿದು ಕೂತು ಟವಲಿನಿಂದ ಮುಖ ಒರೆಸಿಕೊಂಡ.

"ಒಬ್ಬಳೇ ಬೇಡ ಅತ್ತೆ" ಎಂದಳು ಲಿಖಿತಾ. "ಜೊತೆಗೆ ಅಜ್ಮತಣ್ಣ ಇರ್ಲಿ. ನಾನು ಮತ್ತೆ ಹಾಗೆ ಕೂತ್ರೆ ಗದರೋಕೆ ಒಬ್ಬರು ಬೇಕು."

ಎಲ್ಲರೂ ಅಜ್ಮತನ ಕಡೆ ನೋಡಿದರು. ಅವನು ಕೊರಳಿನ ಟೇಪು ತೆಗೆದು ಸುತ್ತಿ ಜೇಬಿಗೆ ಹಾಕಿಕೊಂಡ. "ನಿಮ್ಮ ಮನೆ ಸೊಸೆ ಹೆಸರು ಮೇಲಿರ್ಲಿ, ನಂದು ಕೆಳಗಿರ್ಲಿ. ಹಂಗಾದ್ರೆ ಆಗ್ಬೋದು" ಎಂದ.

ಸರ್ವಮಂಗಳಮ್ಮ ಲಿಖಿತಾಳ ಕೈ ಬಿಟ್ಟಿರಲಿಲ್ಲ. ಎಳೆದು ಪಕ್ಕದಲ್ಲಿ ಕೂರಿಸಿಕೊಂಡರು. ಯಾರಿಗೂ ಕೇಳಿಸದ ಹಾಗೆ, ಅವಳ ಕಿವಿಯ ಹತ್ತಿರ ಹೇಳಿದರು:

"ನಾನೂ ಹಾಕ್ತೀನಿ ಕಣೇ ಆ ಲೆಕ್ಕ. ದಿನಾ ಮಾತ್ರೆ ಕೊಡ್ತಾ, ಶಿವಾ, ನನಗಿಂತ ಮುಂಚೆ ಇವ್ನನ್ನ ಕರ್ಕೋಪ್ಪ ಅಂತೀನಿ. ಹೆತ್ತ ತಾಯಿ ಹಂಗೆ ಸಾಕಿದೋಳು ನಾನು."

ಲಿಖಿತಾ ಅತ್ತೆಯ ಹೆಗಲಿಗೆ ತಲೆ ಒರಗಿಸಿದಳು. ಆ ಭಾರಕ್ಕೂ ಸರ್ವಮಂಗಳಮ್ಮನಿಗೆ ನೋವಾಗುತ್ತಿತ್ತು, ಆದರೆ ತೆಗೆ ಅನ್ನಲಿಲ್ಲ.

ಟ್ರ್ಯಾಕ್ಟರು ಹೋದ ಮೇಲೆ ಮೆಹರೀನಳಿಗೆ ಫೋನು ಮಾಡಿದರು. ಇಬ್ಬರೂ ಸಿಕ್ಕರು, ಮನೆ ಕೊನೆಗೆ ನೀನು ಹೇಳಿದ ಹಾಗೆ ಶಾಲೆಗೇ ಹೋಗಲಿ, ನಾಳೆ ಬರುತ್ತೇವೆ, ಬರೆದಿಡು ಎಂದರು. ಲಿಖಿತಾ ಎಂಬ ಹೆಸರು ಕೇಳಿ ಮೆಹರೀನ್ ಆ ಕಡೆಯಿಂದ ಅನುಮಾನಿಸಿದಳು.

"ಅದೇ ಮನೆ ಸೊಸೆ ಅಲ್ವಾ ಆಂಟಿ? ನಂಬಬಹುದಾ?"

"ನಂಬಬಹುದು ಕಣಮ್ಮ" ಎಂದರು ಸರ್ವಮಂಗಳಮ್ಮ. "ಅವಳಿಗೆ ಅವಳ ಮೇಲೆ ನಂಬಿಕೆ ಇಲ್ಲ."